19ನೇ ಶತಮಾನದಲ್ಲಿ ಚಿತ್ರದುರ್ಗದ ಕಡೆ ಹೆಣ್ಣಿಗೆ ಮದುವೆ ಬಿಟ್ಟು ಬೇರೆ ದಾರಿ ಇತ್ತೇ?

ಬಹಳ ಕಡಿಮೆ, ಅದೂ ಜಾತಿ ನೋಡಿಕೊಂಡು. ಬ್ರಾಹ್ಮಣರಲ್ಲಿ ಮೈನೆರೆಯುವ ಮೊದಲೇ ಮದುವೆ. ಗಂಡ ಸತ್ತರೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಅಡುಗೆಮನೆಯ ಮೂಲೆಗೆ. ಎಷ್ಟೋ ಒಕ್ಕಲು ಮನೆತನಗಳಲ್ಲಿ ವಿಧವೆಗೆ ಉಡಿಕೆ, ಅಂದರೆ ಮರುಮದುವೆ, ಇತ್ತು, ಆದರೆ ಅಂಥವಳನ್ನು ಶುಭಕಾರ್ಯಕ್ಕೆ ಮುಂದೆ ಕರೆಯುತ್ತಿರಲಿಲ್ಲ. ಗಂಡುಮಕ್ಕಳಿಲ್ಲದ ಕೆಲವು ಮನೆಗಳಲ್ಲಿ ಮಗಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುತ್ತಿದ್ದರು. ಅವಳು ತವರಲ್ಲೇ ಉಳಿಯುತ್ತಿದ್ದಳು, ಆಸ್ತಿಯೂ ಅವಳಿಗೇ, ಮದುವೆಯಾಗುವಂತಿರಲಿಲ್ಲ. ಇದನ್ನು ಸ್ವಾತಂತ್ರ್ಯ ಎನ್ನಲು ನನಗೆ ಮನಸ್ಸು ಬಾರದು. ಆ ಹುಡುಗಿಯ ಇಷ್ಟವನ್ನು ಕೇಳಿದವರು ಯಾರು?

ಬಡವರ ಮನೆಯ ಹೆಂಗಸರಿಗೆ ಹಗಲು ಎರೆಹೊಲದಲ್ಲಿ ಹತ್ತಿ ಬಿಡಿಸುವುದು, ಮನೆಗೆ ಬಂದರೆ ರಾಟೆ, ಬೀಸುವಕಲ್ಲು.

1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆ ಕಾಯ್ದೆ ತಂದಾಗಲೂ ತಡೆದದ್ದು 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ವರನಿಗೆ 50 ದಾಟಿರದಿದ್ದರೆ ಒಂಬತ್ತರ ಮಗುವನ್ನು ಧಾರೆ ಎರೆಯಲು ಕಾನೂನಿನ ಅಡ್ಡಿ ಇರಲಿಲ್ಲ.