ಯೇಸು ದೇವರೇ, ಆತನಿಗೆ ಪ್ರಾರ್ಥಿಸಬಹುದೇ: ಇವು ಎರಡು ಬೇರೆ ಪ್ರಶ್ನೆಗಳು

"ಯೇಸುವೇ ತಂದೆಗೆ ಪ್ರಾರ್ಥಿಸುತ್ತಿದ್ದ ಮೇಲೆ ಆತ ದೇವರಾಗುವುದು ಹೇಗೆ, ಆತನಿಗೆ ಯಾಕೆ ಪ್ರಾರ್ಥಿಸುತ್ತೀರಿ ಅಂತ ಗೆಳೆಯ ಕೇಳುತ್ತಾನೆ, ಅವನ ಬಾಯಿ ಮುಚ್ಚಿಸುವ ಒಂದು ವಚನ ಹೇಳಿ" ಅಂದಿದ್ದೀರಿ. ಈ ವಾದ ಎಲ್ಲಿ ಶುರುವಾಗಿ ಎಲ್ಲಿ ಹಳ್ಳ ಹಿಡಿಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅಂಥ ಒಂದು ವಚನ ಇಲ್ಲ. ಇದ್ದಿದ್ದರೆ 325ರಲ್ಲಿ ಬಿಷಪ್ಪರು ನೈಸಿಯಾದಲ್ಲಿ (ಇಂದಿನ ಟರ್ಕಿಯ ಊರು) ಸೇರಿ ಇದೇ ಪ್ರಶ್ನೆಗೆ ಜಗಳವಾಡುವ ಪ್ರಮೇಯವೇ ಬರುತ್ತಿರಲಿಲ್ಲ. ಅತ್ತ ಯೇಸು ಸೃಷ್ಟಿಯಾದವನು ಎನ್ನುವ ಏರಿಯಸ್, ಇತ್ತ ಆತ ಪೂರ್ಣವಾಗಿ ದೇವರು ಎನ್ನುವ ಅಥನೇಸಿಯಸ್, ಇಬ್ಬರೂ ಒಂದೇ ಗ್ರಂಥದಿಂದ ವಚನ ತೆಗೆದು ತೋರಿಸುತ್ತಿದ್ದವರು.

ನೀವು, ನಿಮ್ಮ ಗೆಳೆಯ ಇಬ್ಬರೂ ಎಡವಿರುವುದು ಒಂದೇ ಜಾಗದಲ್ಲಿ. ಯೇಸು ಯಾರು ಅನ್ನುವುದು ಒಂದು ಪ್ರಶ್ನೆ. ಆತನನ್ನು ಕರೆದು ಪ್ರಾರ್ಥಿಸಬಹುದೇ ಅನ್ನುವುದು ಇನ್ನೊಂದು. ಮೊದಲನೆಯದು ಇತ್ಯರ್ಥವಾದರೆ ಎರಡನೆಯದು ತಾನಾಗಿ ಇತ್ಯರ್ಥವಾಗುತ್ತದೆ ಅಂತ ಎಲ್ಲರೂ ನಂಬಿಕೊಂಡಿರುತ್ತಾರೆ. ಚರಿತ್ರೆಯಲ್ಲಿ ಹಾಗೆ ಆಗಿಲ್ಲ.

1578ರ ಟ್ರಾನ್ಸಿಲ್ವೇನಿಯಾವನ್ನು (ಇಂದಿನ ರೊಮೇನಿಯಾದ ಭಾಗ) ನೋಡಿ. ದೇವರು ಒಬ್ಬನೇ ವ್ಯಕ್ತಿ ಎನ್ನುವ ಅಲ್ಲಿನ ಯೂನಿಟೇರಿಯನ್ ಸಭೆಯ ಮುಖ್ಯಸ್ಥ ಫೆರೆಂಟ್ಸ್ ಡಾವಿಡ್. ಯೇಸು ದೇವರಲ್ಲ, ಆದ್ದರಿಂದ ಆತನನ್ನು ಕರೆದು ಪ್ರಾರ್ಥಿಸುವುದೂ ತಪ್ಪು ಅಂತ ಆತ ಬೋಧಿಸತೊಡಗಿದ. ಆತನ ಮನಸ್ಸು ತಿರುಗಿಸಲು ಕರೆಸಿದ್ದು ಇಟಲಿಯ ಫೌಸ್ಟೊ ಸೊಜ್ಜಿನಿಯನ್ನು. ತಮಾಷೆ ಎಂದರೆ ಸೊಜ್ಜಿನಿಯೂ ತ್ರಯೇಕತ್ವವನ್ನು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಬೋಧನೆಯನ್ನು) ಒಪ್ಪದವನೇ! ಯೇಸು ಸ್ವಭಾವದಲ್ಲಿ ದೇವರಲ್ಲ, ಆದರೆ ಪರಲೋಕದಲ್ಲೂ ಭೂಲೋಕದಲ್ಲೂ ಎಲ್ಲ ಅಧಿಕಾರ ಆತನಿಗೆ ಕೊಡಲಾಗಿದೆ (ಮತ್ತಾಯ 28:18), ಅಧಿಕಾರ ಇರುವವನನ್ನು ಬೇಡುವುದರಲ್ಲಿ ತಪ್ಪೇನು ಅನ್ನುವುದು ಅವನ ವಾದ. ಡಾವಿಡ್‌ನ ಮನೆಯಲ್ಲೇ ತಿಂಗಳುಗಟ್ಟಲೆ ಉಳಿದು ಚರ್ಚೆ ಮಾಡಿದರೂ ಇಬ್ಬರೂ ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ಡಾವಿಡ್‌ಗೆ ಸೆರೆವಾಸವಾಯಿತು, 1579ರಲ್ಲಿ ದೇವಾ ಕೋಟೆಯಲ್ಲಿ ತೀರಿಕೊಂಡ. 'ಯೇಸು ದೇವರೇ' ಎಂಬ ಪ್ರಶ್ನೆಗೆ ಇಬ್ಬರ ಉತ್ತರವೂ 'ಅಲ್ಲ'. ಜಗಳವಿದ್ದದ್ದು ಪ್ರಾರ್ಥನೆಯ ಬಗ್ಗೆ ಮಾತ್ರ.

ಈ ಕಡೆಯಿಂದಲೂ ನೋಡಬಹುದು. 393ರಲ್ಲಿ ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ ಸೇರಿದ ಬಿಷಪ್ಪರಿಗೆ ಯೇಸುವಿನ ದೈವತ್ವದ ಬಗ್ಗೆ ಅನುಮಾನವಿರಲಿಲ್ಲ. ಆದರೂ ಬಲಿಪೀಠದ ಬಳಿ ನಿಂತು ಮಾಡುವ ಪ್ರಾರ್ಥನೆ ಯಾವಾಗಲೂ ತಂದೆಯನ್ನೇ ಉದ್ದೇಶಿಸಿರಬೇಕು ಅಂತ ನಿಯಮ ಮಾಡಿದರು. ಇನ್ನು ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಯೇಸುವನ್ನು ಸರ್ವಶಕ್ತ ದೇವರೆಂದು ಒಪ್ಪುವುದಿಲ್ಲ. ಆದರೂ 1954ಕ್ಕೆ ಮುಂಚೆ ಅವರ ಸಾಹಿತ್ಯದಲ್ಲಿ ಯೇಸುವನ್ನು ಆರಾಧಿಸಬಹುದು ಎಂದೇ ಇತ್ತು, ಆಮೇಲೆ ಕೂಡದು ಎಂದಾಯಿತು. ಅಂದರೆ ದೇವರು–ಪ್ರಾರ್ಥನೆ ಎಂಬ ಎರಡು ಪ್ರಶ್ನೆಗಳಿಂದ ಹುಟ್ಟುವ ನಾಲ್ಕೂ ನಿಲುವುಗಳಲ್ಲಿ ಜನ ನಿಂತಿದ್ದಾರೆ. ನಿಮ್ಮ ಗೆಳೆಯ ಯಾವುದರಲ್ಲಿ ನಿಂತಿದ್ದಾನೆ ಅಂತ ಮೊದಲು ಕೇಳಿಕೊಳ್ಳಿ. ಅದನ್ನು ಕೇಳದೆ ವಚನ ಎಸೆಯಲು ಹೋಗಬೇಡಿ.

ಈಗ ಅವನ ಮುಖ್ಯ ವಾದ: ಯೇಸು ಪ್ರಾರ್ಥಿಸುತ್ತಿದ್ದ, ಹಾಗಾಗಿ ದೇವರಲ್ಲ. ಈ ಏಟು ಬೀಳುವುದು ತಂದೆ–ಮಗ ಇಬ್ಬರೂ ಒಬ್ಬನೇ ವ್ಯಕ್ತಿ, ಹೆಸರು ಮಾತ್ರ ಬೇರೆ ಎನ್ನುವವರಿಗೆ. ಮೂರನೇ ಶತಮಾನದಲ್ಲಿ ಸಬೆಲ್ಲಿಯಸ್‌ನ ಹೆಸರಿಗೆ ಅಂಟಿಕೊಂಡ ಬೋಧನೆ ಅದು, ಸಭೆ ಅದನ್ನು ತಳ್ಳಿಹಾಕಿತು. ತ್ರಯೇಕತ್ವ ಒಪ್ಪುವವರ ಪ್ರಕಾರ ಮಗ ತಂದೆಯಲ್ಲ, ಮಗ ತಂದೆಯೊಡನೆ ಮಾತಾಡುವುದರಲ್ಲಿ ವಿರೋಧವೂ ಇಲ್ಲ. ಅವರಿಗೆ ನಿಜವಾಗಿ ಕಷ್ಟ ಕೊಡುವುದು ಮಾರ್ಕ 13:32 (ಆ ದಿನ ಮಗನಿಗೂ ಗೊತ್ತಿಲ್ಲ), ಯೋಹಾನ 17:3 (ಒಬ್ಬನೇ ಸತ್ಯದೇವರು ನೀನು). ಗೆಳೆಯನಿಗೆ ವಿಷಯ ಗೊತ್ತಿದ್ದರೆ ಇವನ್ನೇ ಹಿಡಿಯುತ್ತಾನೆ, ತಯಾರಾಗಿರಿ.

ಆರಾಧನೆಯ ವಿಷಯದಲ್ಲಿ ಸಾಮಾನ್ಯವಾಗಿ "ಜ್ಯೋತಿಷಿಗಳು ಅಡ್ಡಬಿದ್ದರು, ಶಿಷ್ಯರು ಅಡ್ಡಬಿದ್ದರು" ಅಂತ ಪಟ್ಟಿ ಓದುತ್ತಾರೆ. ಅದು ಸಾಲದು. 1 ಪೂರ್ವಕಾಲವೃತ್ತಾಂತ 29:20ರಲ್ಲಿ ಜನ ಒಂದೇ ಉಸಿರಿನಲ್ಲಿ ಯೆಹೋವನಿಗೂ ಅರಸನಿಗೂ ಅಡ್ಡಬೀಳುತ್ತಾರೆ. ಮತ್ತಾಯ 18:26ರಲ್ಲಿ ಸಾಲ ತೀರಿಸಲಾಗದ ಆಳು ಒಡೆಯನಿಗೆ ಅಡ್ಡಬೀಳುತ್ತಾನೆ. ನೋಡಬೇಕಾದದ್ದು ಅಡ್ಡಬಿದ್ದದ್ದನ್ನಲ್ಲ, ಯಾರು ಬೇಡವೆಂದರು ಅನ್ನುವುದನ್ನು. ಕೊರ್ನೇಲ್ಯ ಕಾಲಿಗೆ ಬಿದ್ದಾಗ ಪೇತ್ರ ಅವನನ್ನು ಎಬ್ಬಿಸಿ "ನಾನೂ ಮನುಷ್ಯನೇ" ಅನ್ನುತ್ತಾನೆ (ಅಪೊಸ್ತಲರ ಕೃತ್ಯಗಳು 10:26). ಪ್ರಕಟನೆ 22:9ರಲ್ಲಿ ದೇವದೂತ "ಬೇಡ, ದೇವರನ್ನು ಆರಾಧಿಸು" ಅಂತ ತಡೆಯುತ್ತಾನೆ. ಅದೇ ಪುಸ್ತಕದ 5:13ರಲ್ಲಿ ಸಿಂಹಾಸನದ ಮೇಲಿರುವವನಿಗೂ ಕುರಿಮರಿಗೂ (ಅಂದರೆ ಯೇಸುವಿಗೂ) ಒಟ್ಟಿಗೇ ಸ್ತೋತ್ರ, ಮಾನ, ಮಹಿಮೆ ಸಲ್ಲುತ್ತವೆ. ಅಲ್ಲಿ ಯಾರೂ ತಡೆಯುವುದಿಲ್ಲ. ದೂತನಿಗೆ ಕೂಡದ್ದು ಕುರಿಮರಿಗೆ ಕೂಡುತ್ತದೆ ಅನ್ನುವುದೇ ಇಲ್ಲಿನ ಬಲ. ಅಥನೇಸಿಯಸ್ ಏರಿಯಸ್‌ನ ಕಡೆಯವರನ್ನು ಸಿಕ್ಕಿಸಿದ್ದೂ ಇಲ್ಲೇ: ಮಗ ಸೃಷ್ಟಿಯಾದವನು ಅನ್ನುತ್ತೀರಿ, ಆದರೂ ಆರಾಧಿಸುತ್ತೀರಿ, ಹಾಗಾದರೆ ನೀವು ಮಾಡುತ್ತಿರುವುದು ಸೃಷ್ಟಿಯ ಪೂಜೆ.

ಪ್ರಾರ್ಥನೆಗೆ ಅಪೊಸ್ತಲರ ಕೃತ್ಯಗಳು 7ನೇ ಅಧ್ಯಾಯದ ಕೊನೆಯನ್ನು ನಿಧಾನವಾಗಿ ಓದಿ. ಜನ ಕಲ್ಲೆಸೆದು ಕೊಲ್ಲುತ್ತಿರುವಾಗ ಯೇಸುವಿನ ಹಿಂಬಾಲಕ ಸ್ತೆಫನ "ಕರ್ತನಾದ ಯೇಸುವೇ, ನನ್ನ ಆತ್ಮವನ್ನು ಸೇರಿಸಿಕೋ" ಅನ್ನುತ್ತಾನೆ, ಆಮೇಲೆ ಮೊಣಕಾಲೂರಿ "ಈ ಪಾಪವನ್ನು ಇವರ ಮೇಲೆ ಹೊರಿಸಬೇಡ" ಅಂತ ಕೂಗುತ್ತಾನೆ. ಪಕ್ಕದಲ್ಲಿ ಲೂಕ 23:46 ತೆರೆದಿಟ್ಟುಕೊಳ್ಳಿ. ಶಿಲುಬೆಯ ಮೇಲೆ ಯೇಸು ತಂದೆಯ ಕೈಗೆ ಆತ್ಮವನ್ನು ಒಪ್ಪಿಸುತ್ತಾನೆ. ಎರಡನ್ನೂ ಬರೆದ ಕೈ ಒಂದೇ. ಯೇಸು ತಂದೆಗೆ ಹೇಳಿದ್ದನ್ನು ಸ್ತೆಫನ ಯೇಸುವಿಗೆ ಹೇಳುತ್ತಿದ್ದಾನೆ. "ಸ್ತೆಫನ ದರ್ಶನದಲ್ಲಿ ಎದುರಿಗೆ ಕಂಡ ಯೇಸುವಿನೊಡನೆ ಮಾತಾಡಿದ, ಅದು ಪ್ರಾರ್ಥನೆಯಲ್ಲ" ಅನ್ನುವ ಆಕ್ಷೇಪಣೆ ಬರುತ್ತದೆ. ಅದಕ್ಕೆ 2 ಕೊರಿಂಥ 12:8–9 ತೋರಿಸಿ. ಪೌಲ ಮೂರು ಸಲ ಕರ್ತನನ್ನು ಬೇಡಿಕೊಂಡ, ಆ ಕರ್ತ ಕ್ರಿಸ್ತನೇ ಅಂತ ಮುಂದಿನ ಸಾಲಿನ "ಕ್ರಿಸ್ತನ ಬಲ"ದಿಂದ ತಿಳಿಯುತ್ತದೆ.

ಹೀಗಿದ್ದರೂ ಹೊಸ ಒಡಂಬಡಿಕೆಯಲ್ಲಿ ಹೆಚ್ಚಿನ ಪ್ರಾರ್ಥನೆಗಳು ತಂದೆಗೇ, ಯೇಸುವಿನ ಹೆಸರಿನಲ್ಲಿ (ಮತ್ತಾಯ 6:9, ಯೋಹಾನ 16:23, ಎಫೆಸ 5:20). ಯೇಸುವಿಗೆ ನೇರವಾಗಿ ಮೊರೆಯಿಟ್ಟದ್ದು ಕಡಿಮೆ, ಆದರೆ ಇದೆ. ನನ್ನ ಮಟ್ಟಿಗೆ, ಇದೆ ಅನ್ನುವುದನ್ನು ಗೆಳೆಯ ಒಪ್ಪಬೇಕು, ಕಡಿಮೆ ಅನ್ನುವುದನ್ನು ನೀವು ಒಪ್ಪಬೇಕು. ಅದಾಗದಿದ್ದರೆ ಮಾತು ಮುಂದುವರಿಸಿ ಪ್ರಯೋಜನವಿಲ್ಲ.

ಎರಡು ವಚನಗಳನ್ನಂತೂ ಮುಟ್ಟಬೇಡಿ. 1 ಯೋಹಾನ 5:7ರಲ್ಲಿ ಪರಲೋಕದಲ್ಲಿ ಮೂವರು ಸಾಕ್ಷಿಗಳು ಅನ್ನುವ ಸಾಲು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ಗ್ರೀಕ್ ಹೊಸ ಒಡಂಬಡಿಕೆಯನ್ನು ಮುದ್ರಿಸಿದ ವಿದ್ವಾಂಸ ಇರಾಸ್ಮಸ್ ತನ್ನ 1516 ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಸೇರಿಸಿರಲಿಲ್ಲ, ಸೇರಿಸಿದ್ದು 1522ರಲ್ಲಿ. ಯೋಹಾನ 14:14ರ "ನನ್ನನ್ನು ಬೇಡಿಕೊಂಡರೆ" ಎಂಬಲ್ಲಿ "ನನ್ನನ್ನು" ಅನ್ನುವುದು ಕೆಲವು ಪ್ರತಿಗಳಲ್ಲಿದೆ, ಕೆಲವದರಲ್ಲಿಲ್ಲ. ಇವುಗಳ ಮೇಲೆ ವಾದ ಕಟ್ಟಿದರೆ ಹಸ್ತಪ್ರತಿ ಬಲ್ಲ ಯಾರಾದರೂ ಒಂದೇ ಮಾತಿಗೆ ಕೆಡವುತ್ತಾರೆ, ಆಮೇಲೆ ನಿಮ್ಮ ಒಳ್ಳೆಯ ವಾದಕ್ಕೂ ಬೆಲೆ ಇರುವುದಿಲ್ಲ.

ಗೆಳೆಯ ಹೊಸ ಒಡಂಬಡಿಕೆಯನ್ನೇ ಪ್ರಮಾಣವೆಂದು ಒಪ್ಪದವನಾದರೆ ಮೇಲಿನ ಯಾವುದೂ ಕೆಲಸಕ್ಕೆ ಬಾರದು. ಉದಾಹರಣೆಗೆ ಅವನು ಮುಸ್ಲಿಮನಾದರೆ ಕುರಾನಿನ 5:116 (ನನ್ನನ್ನು ದೇವರೆಂದು ಮಾಡಿಕೊಳ್ಳಿ ಅಂತ ನಾನು ಹೇಳಲಿಲ್ಲ ಎಂದು ಯೇಸುವೇ ಹೇಳುವ ವಚನ) ಅವನಿಗೆ ಕೊನೆಯ ಮಾತು. ಅಂಥವನ ಜೊತೆ ಆದಿ ಕ್ರೈಸ್ತರು ಏನು ಮಾಡುತ್ತಿದ್ದರು ಅನ್ನುವಷ್ಟನ್ನೇ ಮಾತಾಡಬಹುದು. ಅದಕ್ಕೆ ಹೊರಗಿನ ಸಾಕ್ಷಿ ಇದೆ: ಸುಮಾರು 112ರಲ್ಲಿ ರೋಮನ್ ರಾಜ್ಯಪಾಲ ಪ್ಲಿನಿ ಸಾಮ್ರಾಟ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಕ್ರೈಸ್ತರು ನಸುಕಿನಲ್ಲಿ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆ ಅಂತ ವಿಚಾರಣೆಯಲ್ಲಿ ತಿಳಿದದ್ದನ್ನು ತಿಳಿಸಿದ್ದಾನೆ. ನೈಸಿಯಾ ಸಭೆಗಿಂತ ಇನ್ನೂರು ವರ್ಷ ಹಿಂದಿನ ಮಾತಿದು, "ಯೇಸುವನ್ನು ದೇವರು ಮಾಡಿದ್ದೇ ನೈಸಿಯಾ ಸಭೆ ಕರೆದ ಸಾಮ್ರಾಟ ಕಾನ್‌ಸ್ಟಂಟೈನ್" ಅನ್ನುವವರಿಗೆ ಇಷ್ಟು ಸಾಕು. ಅವರು ಹಾಡಿದ್ದು ಸರಿಯೇ ಅನ್ನುವುದನ್ನು ಪ್ಲಿನಿ ಸಾಬೀತು ಮಾಡುವುದಿಲ್ಲ, ಅಷ್ಟು ಭಾರವನ್ನು ಅವನ ಮೇಲೆ ಹೊರಿಸಬೇಡಿ.