ಅರಗಿನ ರೆಕಾರ್ಡಿಗೆ ಸ್ಪಿರಿಟ್ ಹಾಕಬೇಡಿ

ನಮಸ್ಕಾರ. ಕೆಜಿಎಫ್ ಮನೆಯಲ್ಲಿ ತಾತನ ಟ್ರಂಕಿನಿಂದ ಜಾಝ್ ರೆಕಾರ್ಡುಗಳು ಸಿಕ್ಕಿವೆ, ಸ್ಪಿರಿಟ್ ಹಾಕಿ ಒರೆಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಮೊದಲು ಲೇಬಲ್ ನೋಡಿ. ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಕಡೆ 78 ಅಂತ ಇದ್ದು, ಕೈಗೆ ಭಾರವಾಗಿ ಗಟ್ಟಿಯಾಗಿದ್ದರೆ ಅದು ಹೆಚ್ಚಾಗಿ ಅರಗಿನದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ನಾನೇ ಹೀಗೆ ಒಂದನ್ನು ಕಳೆದುಕೊಂಡಿದ್ದೇನೆ. ಬಟ್ಟೆಯೆಲ್ಲ ಕಪ್ಪಾಯಿತು, ಹೊಳಪು ಹೋಯಿತು, ಟ್ರಂಪೆಟ್ ಇದ್ದ ಕಡೆ ಬರೀ ಗರಗರ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

33 ಅಂತ ಇದ್ದರೆ ಎಲ್‌ಪಿ, ಅಂದರೆ ವಿನೈಲ್ ಪ್ಲಾಸ್ಟಿಕ್ಕಿನದು. ಎರಡಕ್ಕೂ ಆಗುವುದು ಇದು: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಮೆತ್ತನೆ ಬಟ್ಟೆ. ಗೆರೆ ಸುತ್ತುವ ದಿಕ್ಕಿಗೇ ಒರೆಸಿ, ಲೇಬಲ್ ನೆನೆಯದಿರಲಿ. ನಮ್ಮ ಕೋಲಾರದ ಬೋರ್ ನೀರು ಬೇಡವೇ ಬೇಡ. ಬಕೆಟ್ಟಿಗೆ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ, ಅದೇ ಗೆರೆಯೊಳಗೂ ಕೂರುತ್ತದೆ. ಹಾಕಿ ಕೇಳುವಾಗ 78ಕ್ಕೆ ಪ್ಲೇಯರಿನಲ್ಲಿ ದಪ್ಪ ಮುಳ್ಳೇ ಬೇಕು, ಎಲ್‌ಪಿ ಮುಳ್ಳು ಇಡಬೇಡಿ. ಆಮೇಲೆ ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ.

ತಾತ ಗಣಿ ಕೆಲಸ ಮುಗಿಸಿ ಫುಟ್‌ಬಾಲ್ ಆಡುತ್ತಿದ್ದರು ಅಂದಿರಿ, ಓದಿ ತುಂಬಾ ಖುಷಿಯಾಯಿತು. ಗಣಿ 2001ರಲ್ಲಿ ಮುಚ್ಚಿತು, ಕೆಜಿಎಫ್‌ಗೆ ಚೆಂಡಿನ ಮೇಲಿನ ಪ್ರೀತಿ ಹೋಗಿಲ್ಲ. ಜೊತೆಗೆ ಮ್ಯಾಚ್ ನೋಡೋರು ಇದ್ದಾರಾ ಅಂತಲೂ ಕೇಳಿದ್ದೀರಲ್ಲ, ನಾನಿದ್ದೇನೆ. ಚಳಿಗಾಲದಲ್ಲಿ ಚಾಂಪಿಯನ್ಸ್ ಲೀಗ್ ಮ್ಯಾಚುಗಳು ಹೆಚ್ಚಾಗಿ ರಾತ್ರಿ 1.30ಕ್ಕೆ ಶುರು. ಅಲ್ಲಿಯವರೆಗೆ ರೆಕಾರ್ಡು ಕೇಳೋಣ. ಟ್ರಂಕಿನಿಂದ ಎರಡು ಮೂರು ತನ್ನಿ, ದಪ್ಪ ಮುಳ್ಳು ನನ್ನ ಹತ್ತಿರ ಇದೆ.