ಕಿಟಕಿಯಿಲ್ಲದ ಸ್ನಾನದ ಮನೆಗೆ ಎಂಥ ಎಕ್ಸಾಸ್ಟ್ ಫ್ಯಾನ್?

ಪ್ರಶ್ನೆ: ಮಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿರುವ ನಮ್ಮ ಮನೆಯ ಒಳಭಾಗದ ಸ್ನಾನದ ಮನೆಗೆ ಕಿಟಕಿಯೇ ಇಲ್ಲ. ಅದರ ಅಗಲ 5 ಅಡಿ, ಉದ್ದ 8 ಅಡಿ, ಫಾಲ್ಸ್ ಸೀಲಿಂಗ್‌ವರೆಗಿನ ಎತ್ತರ 8 ಅಡಿ. ಸೀಲಿಂಗ್‌ನಲ್ಲಿದ್ದ ನಾಲ್ಕಿಂಚಿನ ಎಕ್ಸಾಸ್ಟ್ ಫ್ಯಾನ್ ಕೆಟ್ಟಿದೆ. ಸುಮಾರು 14 ಅಡಿ ಉದ್ದದ, ಎರಡು ಕಡೆ ತಿರುಗುವ ಸುಕ್ಕುಕೊಳವೆಯ ಮೂಲಕ ಗಾಳಿ ಕಟ್ಟಡದ ಶಾಫ್ಟ್‌ಗೆ ಹೋಗುತ್ತದೆ. ಫ್ಯಾನ್ ಸರಿಯಿದ್ದಾಗಲೂ ಮೂಲೆಗಳಲ್ಲಿ ಬೂಷ್ಟು ಬರುತ್ತಿತ್ತು. ಹೆಚ್ಚು ಶಕ್ತಿಯ ಫ್ಯಾನ್ ಹಾಕಿದರೆ ಸಾಕೇ? ತೇವಾಂಶ ಕಂಡಾಗ ತಾನಾಗಿ ಓಡುವ ಸೆನ್ಸರ್ ಇರುವುದನ್ನು ಕೊಳ್ಳಬೇಕೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮ ತೊಂದರೆಯ ಮೂಲ ಹೆಚ್ಚಾಗಿ ಫ್ಯಾನಿನಲ್ಲಿಲ್ಲ, ಕೊಳವೆಯಲ್ಲಿದೆ. ಪೆಟ್ಟಿಗೆಯ ಮೇಲೆ ಮುದ್ರಿಸುವ ಗಾಳಿಯ ಪ್ರಮಾಣವನ್ನು ಸಾಮಾನ್ಯವಾಗಿ ಯಾವ ಅಡೆತಡೆಯೂ ಇಲ್ಲದ ಸ್ಥಿತಿಯಲ್ಲಿ ಅಳೆದಿರುತ್ತಾರೆ. ಗೋಡೆಯಲ್ಲಿ ರಂಧ್ರ ಕೊರೆದು ನೇರವಾಗಿ ಹೊರಕ್ಕೆ ಕೂರಿಸುವ ಫ್ಯಾನಿಗೆ ಆ ಅಂಕಿ ಬಹುಮಟ್ಟಿಗೆ ಹೊಂದುತ್ತದೆ. 14 ಅಡಿ ಕೊಳವೆ, ಎರಡು ತಿರುವು, ತುದಿಯಲ್ಲೊಂದು ಜಾಲರಿ ಇರುವ ಕಡೆ ಅದನ್ನು ನಂಬುವಂತಿಲ್ಲ.

ಮೊದಲು ನಿಮಗೆ ಬೇಕಾದ ಗಾಳಿಯ ಲೆಕ್ಕ ಹಾಕೋಣ. ನಿಮ್ಮ ಕೋಣೆಯ ಘನ ಅಳತೆ 320 ಘನ ಅಡಿ. ಅಲ್ಲಿನ ಗಾಳಿ ಗಂಟೆಗೆ 10 ಬಾರಿ ಬದಲಾಗಬೇಕೆಂದು ಇಟ್ಟುಕೊಂಡರೆ ನಿಮಿಷಕ್ಕೆ ಸುಮಾರು 53 ಘನ ಅಡಿ, ಅಂದರೆ ಗಂಟೆಗೆ 90 ಘನ ಮೀಟರ್ ಗಾಳಿ ಹೊರಹೋಗಬೇಕಾಗುತ್ತದೆ. ಇದು ದೊಡ್ಡ ಪ್ರಮಾಣವೇನಲ್ಲ. ಆದರೆ ಇಷ್ಟು ಗಾಳಿಯನ್ನು ನೀವು ಹೇಳಿದ ಉದ್ದದ ನಾಲ್ಕಿಂಚಿನ ಕೊಳವೆಯಲ್ಲಿ ತಳ್ಳಲು, ಕೊಳವೆ ನುಣುಪಾಗಿದ್ದರೂ, ತಿರುವು, ಜಾಲರಿಗಳ ತಡೆಯೂ ಸೇರಿ 30ರಿಂದ 40 ಪ್ಯಾಸ್ಕಲ್‌ವರೆಗೂ ಒತ್ತಡ ಬೇಕಾಗಬಹುದು. ಸೀಲಿಂಗ್‌ಗೆ ಕೂರಿಸುವ ಸಾಮಾನ್ಯ ನಾಲ್ಕಿಂಚಿನ ಆಕ್ಸಿಯಲ್ ಫ್ಯಾನ್‌ಗಳು, ಅಂದರೆ ರೆಕ್ಕೆಗಳಿಂದ ಗಾಳಿಯನ್ನು ನೇರವಾಗಿ ಮುಂದಕ್ಕೆ ನೂಕುವಂಥವು, ಈ ಒತ್ತಡದಲ್ಲಿ ಬಹುಪಾಲು ಸೋತುಬಿಡುತ್ತವೆ. ಸದ್ದು ಮಾತ್ರ ಮೊದಲಿನಂತೆಯೇ ಕೇಳುತ್ತಿರುತ್ತದೆ.

ಆದ್ದರಿಂದ ನೀವು ಕೊಳ್ಳಬೇಕಾದದ್ದು ಕೊಳವೆಯ ನಡುವೆ ಜೋಡಿಸುವ ಇನ್‌ಲೈನ್ ಫ್ಯಾನ್, ಅಥವಾ ಸೀಲಿಂಗ್‌ನಲ್ಲೇ ಇರಬೇಕೆಂದಾದರೆ ಸೆಂಟ್ರಿಫ್ಯೂಗಲ್ ಬಗೆಯದು, ಅಂದರೆ ಗಾಳಿಯನ್ನು ಸುತ್ತಿಸಿ ಅಂಚಿನ ಕಡೆಗೆ ಎಸೆದು ಹೆಚ್ಚು ಒತ್ತಡದಲ್ಲಿ ತಳ್ಳುವಂಥದು. ಅಂಗಡಿಯಲ್ಲಿ ‘ಎಷ್ಟು ಗಾಳಿ’ ಎಂದಷ್ಟೇ ಕೇಳದೆ, ‘40 ಪ್ಯಾಸ್ಕಲ್ ಒತ್ತಡದಲ್ಲಿ ಎಷ್ಟು ಗಾಳಿ’ ಎಂದು ಕೇಳಿ. ಒಳ್ಳೆಯ ತಯಾರಕರು ಈ ಮಾಹಿತಿಯನ್ನು ನಕ್ಷೆಯಾಗಿ ಕೊಟ್ಟಿರುತ್ತಾರೆ; ಅದು ಸಿಗದ ಫ್ಯಾನನ್ನು ಇಂಥ ಜಾಗಕ್ಕೆ ಕೊಳ್ಳದಿರುವುದೇ ಮೇಲು. ಬಾಲ್ ಬೇರಿಂಗ್ ಇರುವ ಮೋಟಾರನ್ನು ಆರಿಸಿ. ಇನ್‌ಲೈನ್ ಫ್ಯಾನ್ ಫಾಲ್ಸ್ ಸೀಲಿಂಗ್‌ನ ಮೇಲೆ ಅಡಗಿ ಕೂರುವುದರಿಂದ, ಕೈ ಹಾಕಿ ಶುಚಿಮಾಡಲು ಒಂದು ಮುಚ್ಚಳದ ಕಿಂಡಿಯನ್ನು ಈಗಲೇ ಮಾಡಿಸಿಡಿ.

ಸೀಲಿಂಗ್ ಬಿಚ್ಚಿದಾಗ ಕೊಳವೆಯನ್ನು ಕೊನೆಯವರೆಗೂ ನೋಡಿಸಿ. ಶಾಫ್ಟ್ ಮುಟ್ಟುವ ಮೊದಲೇ ಅದು ಕಳಚಿಕೊಂಡು, ಹಬೆಯೆಲ್ಲ ಸೀಲಿಂಗ್‌ನ ಮೇಲೆಯೇ ತುಂಬುತ್ತಿರುವ ಮನೆಗಳು ಅಪರೂಪವಲ್ಲ. ತುದಿಯಲ್ಲಿ ಪಾರಿವಾಳ ಗೂಡು ಕಟ್ಟಿರುವುದೂ ಉಂಟು. ಸಡಿಲವಾಗಿ ಜೋತುಬಿದ್ದ ಸುಕ್ಕುಕೊಳವೆ ಗಾಳಿಯನ್ನು ಬಹಳ ತಡೆಯುತ್ತದೆ. ಅದನ್ನು ತೆಗೆಸಿ 110 ಮಿಲಿಮೀಟರಿನ ಪಿವಿಸಿ ಪೈಪನ್ನು, ಒಳಗೆ ತಂಪಾಗಿ ನೀರಾದ ಹಬೆ ಹೊರಕ್ಕೆ ಹರಿಯುವಂತೆ ಶಾಫ್ಟ್‌ನ ಕಡೆಗೆ ತುಸು ಇಳಿಜಾರಾಗಿ ಹಾಕಿಸಿ. ಶಾಫ್ಟ್ ಮೇಲೆ ಆಕಾಶಕ್ಕೆ ತೆರೆದಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಬೇರೆ ಮನೆಗಳ ವಾಸನೆ ಮತ್ತು ಜಿರಳೆ ಒಳಬಾರದಂತೆ, ಫ್ಯಾನ್ ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ಷಟರ್ ಅಗತ್ಯ.

ಹೊರಹೋಗುವಷ್ಟೇ ಗಾಳಿ ಒಳಗೂ ಬರಬೇಕು, ಮತ್ತು ಕಿಟಕಿಯಿಲ್ಲದ ಕೋಣೆಗೆ ಅದು ಬರುವುದು ಬಾಗಿಲಿನಿಂದ ಮಾತ್ರ. ನಮ್ಮಲ್ಲಿ ಗ್ರಾನೈಟ್ ಹೊಸ್ತಿಲಿಗೆ ಬಾಗಿಲು ಬಿಗಿಯಾಗಿ ಕೂರುವುದರಿಂದ ಈ ದಾರಿ ಮುಚ್ಚಿಹೋಗಿರುತ್ತದೆ. ಬಾಗಿಲಿನ ಕೆಳಗೆ ಕನಿಷ್ಠ 10 ಮಿಲಿಮೀಟರ್ ಸಂದು ಬಿಡಿಸಿ, ಇಲ್ಲವೇ ಕೆಳಭಾಗದಲ್ಲಿ ಜಾಲರಿ ಕೂರಿಸಿ. ಬಾಗಿಲನ್ನು ತುಸು ತೆರೆದ ಕೂಡಲೇ ಫ್ಯಾನಿನ ಸದ್ದು ಬದಲಾದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ ಎಂದು ತಿಳಿಯಿರಿ.

ತೇವಾಂಶದ ಸೆನ್ಸರನ್ನು ನಾನು ಕರಾವಳಿಗೆ ಸಲಹೆ ಮಾಡುವುದಿಲ್ಲ. ಫ್ಯಾನ್ ಗಾಳಿಯನ್ನು ಒಣಗಿಸುವುದಿಲ್ಲ. ಸ್ನಾನದ ಮನೆಯ ಗಾಳಿಯ ಜಾಗಕ್ಕೆ ಮನೆಯ ಗಾಳಿಯನ್ನು ತರುತ್ತದೆ, ಅಷ್ಟೆ. ಆಷಾಢದ ಮಳೆಯಲ್ಲಿ ಮಂಗಳೂರಿನ ಹೊರಗಾಳಿಯ ತೇವಾಂಶವೇ ಶೇ. 85ನ್ನು ದಾಟುವ ದಿನಗಳಲ್ಲಿ ಸೆನ್ಸರ್ ಸದಾ ತೇವವನ್ನೇ ಕಂಡು ಹಗಲಿರುಳು ಫ್ಯಾನನ್ನು ಓಡಿಸುತ್ತದೆ. ಅದರ ಬದಲು ಸ್ನಾನ ಮುಗಿದ ಮೇಲೂ 15ರಿಂದ 30 ನಿಮಿಷ ಓಡಿ ನಿಲ್ಲುವ ಟೈಮರ್ ಹಾಕಿಸಿ, ಗೋಡೆಯ ನೀರನ್ನು ವೈಪರ್‌ನಿಂದ ಎಳೆದುಬಿಡಿ. ಮಳೆಗಾಲದಲ್ಲಿ ಇವೆರಡೂ ಕೂಡಿದರೇ ಬೂಷ್ಟು ಹತೋಟಿಗೆ ಬರುತ್ತದೆ. ಷವರಿಗೆ ಹತ್ತಿರವಿರುವ ಫ್ಯಾನ್ ಕನಿಷ್ಠ ಐಪಿಎಕ್ಸ್4 ದರ್ಜೆಯದಾಗಿರಲಿ, ಅಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆದುಕೊಳ್ಳುವಂಥದು; ಆ ಸರ್ಕ್ಯೂಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್, ಇರಲಿ. ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ.

ಪ್ರಶ್ನೆ: ಕಿಟಕಿಯಿಲ್ಲದ ಸ್ನಾನದ ಮನೆಯಲ್ಲಿ ಹೊಸ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವೆ. ಇನ್ನು ಅಲ್ಲಿ ಗ್ಯಾಸ್ ಗೀಸರ್ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಬೇಡ. ಗಾಳಿ ಸಾಲದ ಕಡೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆಸುತ್ತು ಅರಿವಿಗೆ ಬರುವ ಹೊತ್ತಿಗೆ ಬಾಗಿಲು ತೆರೆಯುವ ಶಕ್ತಿಯೇ ಉಳಿದಿರದು. ನಮ್ಮ ರಾಜ್ಯದಲ್ಲಿ ಹೀಗೆ ಜೀವಗಳು ಹೋಗಿವೆ. ಕರೆಂಟು ಹೋದರೆ ಫ್ಯಾನ್ ನಿಲ್ಲುತ್ತದೆ, ಗೀಸರ್ ಮಾತ್ರ ಉರಿಯುತ್ತಲೇ ಇರುತ್ತದೆ. ಹೊಗೆನಳಿಗೆ ಇರುವ ಗೀಸರ್ ಆದರೂ, ಒಳಬರುವ ಗಾಳಿ ಕಡಿಮೆಯಿದ್ದರೆ ಫ್ಯಾನ್ ಆ ನಳಿಗೆಯಿಂದಲೇ ಹೊಗೆಯನ್ನು ಒಳಕ್ಕೆ ಎಳೆಯಬಲ್ಲದು. ಗೀಸರನ್ನು ತೆರೆದ ಬಾಲ್ಕನಿಗೆ ಸಾಗಿಸಿ ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಕ್ಕೆ ತನ್ನಿ. ಅದಕ್ಕೆ ಅನುಕೂಲವಿಲ್ಲದಿದ್ದರೆ ವಿದ್ಯುತ್ ಗೀಸರಿಗೆ ಬದಲಾಯಿಸಿ, ಮತ್ತು ಆ ಕೆಲಸ ಮುಗಿಯುವವರೆಗೆ ಈಗಿನದನ್ನು ಹೊತ್ತಿಸಬೇಡಿ.